ನನ್ನನ್ನು ನಾನು ಒಪ್ಪಿಕೊಂಡರೆ ಮುಂದೆ ಬರುವ ಆಸೆ ಸಾಯುವುದಿಲ್ಲವೇ?

ತೃಪ್ತಿ, ಸಂತೋಷ, ತನ್ನನ್ನು ತಾನು ಒಪ್ಪಿಕೊಳ್ಳುವುದು: ಈ ಬಗ್ಗೆ ಮೈಸೂರು, ಮಂಡ್ಯ ಭಾಗದ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆರನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಅಪ್ಪನ ಆರೋಗ್ಯ ಕೆಟ್ಟ ಮೇಲೆ ಊರಿಗೆ ಬಂದು ಕಬ್ಬು, ಭತ್ತ ನೋಡಿಕೊಳ್ಳುತ್ತಿದ್ದೇನೆ. ಈಗ 31 ವರ್ಷ. ಬೀಗರೂಟಕ್ಕೋ ಗೃಹಪ್ರವೇಶಕ್ಕೋ ಹೋದರೆ ಜೊತೆಗೆ ಓದಿದವರ ಕಾರು, ಫ್ಲ್ಯಾಟು, ಅಮೆರಿಕದ ಮಾತು. ಮನೆಗೆ ಬಂದು ಮಲಗಿದರೆ ‘ನಾನು ಸೋತವನು’ ಅನ್ನೋದೊಂದೇ ತಲೆಯಲ್ಲಿ ಸುತ್ತುತ್ತೆ. ಅಜ್ಜಿ ‘ಇದ್ದುದರಲ್ಲಿ ಸಂತೋಷ ಪಡು ಮಗ’ ಅಂತಾರೆ. ಹಾಗೆ ಒಪ್ಪಿಕೊಂಡುಬಿಟ್ಟರೆ ಮುಂದೆ ಬರುವ ಆಸೆಯೇ ಸತ್ತುಹೋಗುವುದಿಲ್ಲವೇ?
(ಶ್ರೀರಂಗಪಟ್ಟಣ ತಾಲ್ಲೂಕು)

ಉತ್ತರ: ಸಾಯುವುದಿಲ್ಲ. ಸಂತೋಷ ಎಂದರೆ ಕೈಕಟ್ಟಿ ಕೂರುವುದು ಎಂಬ ಅರ್ಥ ಎಲ್ಲಿಂದಲೋ ಬಂದು ಸೇರಿಕೊಂಡಿದೆ. ಯೋಗಶಾಸ್ತ್ರದಲ್ಲಿ ಅದು ಹಾಗಿಲ್ಲ. ಪತಂಜಲಿ ತನ್ನ ಯೋಗಸೂತ್ರದ ಎರಡನೇ ಪಾದದ 32ನೇ ಸೂತ್ರದಲ್ಲಿ ಐದು ನಿಯಮಗಳನ್ನು ಹೇಳುತ್ತಾನೆ: ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ. ಸಂತೋಷದ ಬೆನ್ನಿಗೇ ತಪಸ್ಸು ನಿಂತಿದೆ. ತಪಸ್ಸು ಎಂದರೆ ಶ್ರಮ, ಸಹಿಷ್ಣುತೆ. ಎರಡನ್ನೂ ಒಬ್ಬನೇ ಸಾಧಕ ಒಟ್ಟಿಗೆ ಪಾಲಿಸಬೇಕು. ಸಂತೋಷವೆಂದರೆ ಕೈಯಲ್ಲಿರುವ ಸಾಧನಕ್ಕಿಂತ ಹೆಚ್ಚಿನದನ್ನು ಪಡೆಯಲು ಹಂಬಲಿಸದಿರುವುದು ಎಂದು ಆ ಸೂತ್ರಗಳ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯ ಬಿಡಿಸಿ ಹೇಳುತ್ತದೆ. ಗಮನಿಸಿ, ಅಲ್ಲಿ ಮಾತು ಸಾಧನದ್ದು. ಇವತ್ತು ನಿಮ್ಮ ಕೈಯಲ್ಲಿರುವ ಗದ್ದೆ, ನಾಲೆ ನೀರು, ಓದಿದ ವಿದ್ಯೆ, ಅಪ್ಪನ ಅನುಭವ, ಇಷ್ಟರಿಂದ ಕೆಲಸ ಶುರುಮಾಡು ಎಂದಷ್ಟೇ ಅದರ ತಾತ್ಪರ್ಯ. ಬೆಳೆ ತೆಗೆಯಬೇಡ ಎಂದು ಯಾರೂ ಹೇಳಿಲ್ಲ. ಇನ್ನೊಂದು ವಿಷಯ: ಸಂತೋಷ ‘ನಿಯಮ’ಗಳ ಪಟ್ಟಿಯಲ್ಲಿದೆ. ಅಂದರೆ ಅದು ತಾನಾಗಿ ಬರಲಿ ಎಂದು ಕಾಯುವ ಮನಸ್ಥಿತಿಯಲ್ಲ, ಸ್ನಾನದ ಹಾಗೆ ದಿನವೂ ಮಾಡಬೇಕಾದದ್ದು.

ಬೀಗರೂಟದಲ್ಲಿ ಆಗುವ ಸಂಕಟಕ್ಕೆ ಬೌದ್ಧರ ವಿಶ್ಲೇಷಣೆ ಹೆಚ್ಚು ನಿಖರವಾಗಿದೆ. ‘ನಾನು ಮೇಲು’ ಎಂಬುದಷ್ಟೇ ಅಹಂಕಾರ ಎಂದು ನಾವು ತಿಳಿದಿದ್ದೇವೆ. ಪಾಲಿ ಭಾಷೆಯಲ್ಲಿರುವ ಬುದ್ಧನ ಉಪದೇಶಗಳು, ಅಂದರೆ ಸುತ್ತಗಳು, ‘ನಾನು ಮೇಲು’, ‘ನಾನು ಸಮ’, ‘ನಾನು ಕೀಳು’ ಎಂಬ ಮೂರನ್ನೂ ‘ಮಾನ’ ಎಂಬ ಒಂದೇ ಹೆಸರಿನಡಿ ಇಡುತ್ತವೆ. ಮೂರರಲ್ಲೂ ಅಳೆಯುವ ಕೆಲಸ ನಡೆದೇ ಇರುತ್ತದೆ. ಆದ್ದರಿಂದ ‘ಅವರಿಗೆ ಟ್ರಾಫಿಕ್ಕು, ನನಗೆ ಒಳ್ಳೆ ಗಾಳಿ’ ಎಂದು ಸಮಾಧಾನ ಹೇಳಿಕೊಂಡರೆ ಪ್ರಯೋಜನವಿಲ್ಲ. ಮುಂದಿನ ಗೃಹಪ್ರವೇಶದಲ್ಲಿ ಅದೇ ಅಳತೆಗೋಲು ನಿಮ್ಮ ಮೇಲೇ ತಿರುಗುತ್ತದೆ.

ಇಂಥ ಸುತ್ತಗಳ ಒಂದು ಸಂಗ್ರಹವಾದ ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ ಎರಡು ಬಾಣಗಳ ಮಾತಿದೆ. ನೋವು ಮೊದಲ ಬಾಣ. ಆ ನೋವಿನ ಮೇಲೆ ಮನಸ್ಸು ಹೂಡುವ ಶೋಕ, ಹಳಹಳಿಕೆ ಎರಡನೆಯದು. ಕಾರ್ಖಾನೆಯಿಂದ ಕಬ್ಬಿನ ಹಣ ತಡವಾಗುವುದು, ಅಪ್ಪನ ಔಷಧಿಯ ಖರ್ಚು, ತಿಂಗಳ ಸಂಬಳ ಇಲ್ಲದಿರುವುದು, ಇವು ಮೊದಲನೆಯವು. ‘ನಾನು ಸೋತವನು’ ಎಂಬುದು ಎರಡನೆಯದು. ಒಪ್ಪಿಕೊಳ್ಳಬೇಕಾದ್ದು ಮೊದಲನೆಯದನ್ನು ಮಾತ್ರ, ಅದೂ ಇದ್ದದ್ದನ್ನು ಇದ್ದ ಹಾಗೆ.

ಇದನ್ನು ಕೈಯಾರೆ ಮಾಡಲು ಒಂದು ನೋಟ್‌ಬುಕ್ ಸಾಕು. ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ ಕೂತುಕೊಳ್ಳಿ. ಎಡಗಡೆ ಪುಟದಲ್ಲಿ, ಮೂರನೆಯವರೊಬ್ಬರು ಬಂದು ನೋಡಿದರೂ ‘ಹೌದು’ ಎನ್ನುವಂಥ ಸಂಗತಿಗಳನ್ನು ಮಾತ್ರ ಬರೆಯಿರಿ: ಕೂಳೆ ಕಬ್ಬು ಎಷ್ಟು ಟನ್ ಬಂತು, ಸಾಲ ಎಷ್ಟಿದೆ, ಇವತ್ತು ಯಾರು ಏನು ಹೇಳಿದರು. ಬಲಗಡೆ, ಅದರ ಬಗ್ಗೆ ಮನಸ್ಸು ಕೊಟ್ಟ ತೀರ್ಪು. ‘ಯಾವಾಗಲೂ’, ‘ಯಾರಿಗೂ’, ‘ಏನೂ’ ಎಂಬ ಪದ ಬಂದರೆ ಅದು ಬಲಗಡೆಯದು. ಬಲಪುಟದ ಜೊತೆ ವಾದಕ್ಕೆ ಇಳಿಯಬೇಡಿ, ಅಳಿಸಲೂ ಹೋಗಬೇಡಿ. ಎಡಪುಟದಿಂದ ಒಂದು ಸಾಲು ಆರಿಸಿ, ಅದಕ್ಕೆ ನಾಳೆ ಮಾಡಬಹುದಾದ ಒಂದು ಕೆಲಸವನ್ನು ಕೆಳಗೆ ಬರೆದು ಪುಸ್ತಕ ಮುಚ್ಚಿ.

ಸಾಮಾನ್ಯವಾಗಿ ತಪ್ಪುವುದು ಎರಡು ಕಡೆ. ತೀರ್ಪು ಸಂಗತಿಯ ವೇಷದಲ್ಲಿ ಎಡಪುಟಕ್ಕೆ ನುಸುಳುತ್ತದೆ. ‘ಬೆಂಗಳೂರು ಬಿಟ್ಟು ತಪ್ಪು ಮಾಡಿದೆ’ ಎಂಬ ಸಾಲನ್ನು ಒಡೆಯಬೇಕು. ‘ಬೆಂಗಳೂರು ಬಿಟ್ಟೆ’ ಎಡಕ್ಕೆ, ‘ತಪ್ಪು’ ಬಲಕ್ಕೆ. ಎರಡನೆಯದು, ಬಲಪುಟದಲ್ಲಿ ಬಲವಂತವಾಗಿ ಒಳ್ಳೆಯ ಮಾತು ತುಂಬುವುದು. ಮನಸ್ಸು ಅದನ್ನು ನಂಬುವುದಿಲ್ಲ, ಎರಡು ದಿನದಲ್ಲಿ ಪುಸ್ತಕ ಅಟ್ಟ ಸೇರುತ್ತದೆ.

ಕೆಲಸಕ್ಕೆ ಮರಳುವ ಆಸೆ ನಿಜವಾಗಿ ಇದ್ದರೆ ಅದು ತಿಂಗಳೊಪ್ಪತ್ತಿನಲ್ಲಿ ಎಡಪುಟದಲ್ಲೇ ಕಾಣಿಸಿಕೊಳ್ಳುತ್ತದೆ. ಆಗ ಹೋಗಿ. ಹೋಗುವುದೂ ಉಳಿಯುವುದೂ ನಿಮ್ಮ ನಿರ್ಧಾರ. ನಾಚಿಕೆಯಿಂದ ಓಡಿದ್ದು ಆಗದಿರಲಿ, ಅಷ್ಟೇ.

ಪ್ರಶ್ನೆ: ನನಗೆ 47. ಮುಟ್ಟು ನಿಲ್ಲುವ ಸಮಯ, ತೂಕ ಹೆಚ್ಚಾಗಿದೆ, ಎಡ ಮಂಡಿ ನೋವು. ಯೋಗ ತರಗತಿಯಲ್ಲಿ ಪಕ್ಕದವರು ಆರಾಮಾಗಿ ಪದ್ಮಾಸನ ಹಾಕುತ್ತಾರೆ. ಕುರ್ಚಿ ಕೇಳುವುದಕ್ಕೆ ನನಗೆ ಸಂಕೋಚ. ಈ ದೇಹವನ್ನು ಒಪ್ಪಿಕೊಳ್ಳುವುದು ಹೇಗೆ?
(ಸರಸ್ವತಿಪುರಂ, ಮೈಸೂರು)

ಉತ್ತರ: ಮೊದಲು ಕುರ್ಚಿ ಕೇಳಿ. ಮಿಕ್ಕದ್ದು ಅಲ್ಲಿಂದ ಶುರುವಾಗುತ್ತದೆ.

ಪದ್ಮಾಸನದಲ್ಲಿ ತೊಡೆ ಸೊಂಟದ ಕೀಲಿನಲ್ಲಿ ಹೊರಕ್ಕೆ ತಿರುಗಬೇಕು. ಆ ಕೀಲು ತಿರುಗದಿದ್ದರೆ ತಿರುಚುವಿಕೆಯೆಲ್ಲ ಮಂಡಿಗೆ ಬೀಳುತ್ತದೆ. ಮಂಡಿಯಾದರೋ ಮುಖ್ಯವಾಗಿ ಮಡಚಿ ಬಿಚ್ಚುವುದಕ್ಕೆ ಇರುವ ಕೀಲು. ಒತ್ತಾಯ ಮಾಡಿದರೆ ಒಳಗಿನ ಮೃದ್ವಸ್ಥಿಯ ಮೆತ್ತೆ ನಲುಗುತ್ತದೆ. ತೊಡೆಯ ಹೊರಭಾಗದಲ್ಲೋ ಪೃಷ್ಠದಲ್ಲೋ ಎಳೆತ ಕಂಡರೆ ಚಿಂತೆಯಿಲ್ಲ. ಮಂಡಿಯ ಒಳಗೆ ಚುಚ್ಚಿದರೆ ತಕ್ಷಣ ಕಾಲು ಬಿಚ್ಚಿ. ಕೈಯಿಂದ ಮಂಡಿ ಒತ್ತಿ ನೆಲಕ್ಕೆ ತಾಗಿಸುವುದನ್ನು ಯಾರು ಹೇಳಿದರೂ ಮಾಡಬೇಡಿ. ನೆಲದ ಮೇಲೆ ಕೂರುವ ಆಸೆಯಿದ್ದರೆ ಗಟ್ಟಿ ಕಂಬಳಿಗಳನ್ನು ಮಡಚಿ ನಾಲ್ಕರಿಂದ ಆರು ಅಂಗುಲ ಎತ್ತರ ಮಾಡಿ, ಅದರ ಅಂಚಿನಲ್ಲಿ ಸುಖಾಸನದಲ್ಲಿ ಕೂರಿ. ಮಂಡಿ ಸೊಂಟಕ್ಕಿಂತ ಕೆಳಗೆ ಬಂದರೆ ಎತ್ತರ ಸರಿಯಾಗಿದೆ ಎಂದರ್ಥ; ಬರದಿದ್ದರೆ ಕುರ್ಚಿಯೇ ವಾಸಿ. ಕುರ್ಚಿಯಲ್ಲಿ ಬೆನ್ನನ್ನು ಒರಗಿಗೆ ಆನಿಸದೆ ಮುಂದಕ್ಕೆ ಕೂತು ಪಾದ ಪೂರ್ತಿ ನೆಲಕ್ಕೆ ಊರಿ. ಕಾಲು ಎಟುಕದಿದ್ದರೆ ಕೆಳಗೊಂದು ಮಣೆ ಇಟ್ಟುಕೊಳ್ಳಿ.

‘ಸ್ಥಿರಸುಖಮಾಸನಂ’ (ಆಸನ ಸ್ಥಿರವಾಗಿ, ಸುಖವಾಗಿ ಇರಬೇಕು) ಎಂಬ ಪತಂಜಲಿಯ ಸೂತ್ರದಲ್ಲಿ ಇಂಥದ್ದೇ ಆಕಾರ ಬರಬೇಕೆಂಬ ಷರತ್ತಿಲ್ಲ. ಸ್ಥಿರತೆಗೆ ಅಳತೆ ಅಲುಗಾಟ, ಸುಖಕ್ಕೆ ಅಳತೆ ಉಸಿರು. ಮೂಗಿನಲ್ಲಿ ಉಸಿರು ತಡೆಯಿಲ್ಲದೆ ಓಡಾಡುತ್ತಿದ್ದರೆ ಆ ಆಸನ ಇವತ್ತು ನಿಮ್ಮದು. ಬಾಯಿ ತೆರೆದರೆ, ಹಲ್ಲು ಕಚ್ಚಿದರೆ ನಿಮ್ಮದಲ್ಲ. ಯೋಗಗುರು ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ 1933ರಿಂದ ಕಲಿಸಿದ ಈ ಊರಿನಿಂದಲೇ ‘ಮೈಸೂರು ಶೈಲಿ’ ಎಂಬ ಅಭ್ಯಾಸಕ್ರಮ ಲೋಕಕ್ಕೆಲ್ಲ ಹರಡಿತು. ಅದರಲ್ಲಿ ಒಬ್ಬೊಬ್ಬರೂ ಗುರು ತಮಗೆ ಕೊಟ್ಟ ಆಸನದವರೆಗೆ, ತಮ್ಮ ಉಸಿರಿನ ಲೆಕ್ಕದಲ್ಲಿ ಮಾಡುತ್ತಾರೆ. ಪ್ರತಿ ಆಸನಕ್ಕೂ ದೃಷ್ಟಿಯ ಜಾಗ ಗೊತ್ತುಮಾಡಿದೆ: ಮೂಗಿನ ತುದಿ, ಹೊಕ್ಕುಳ, ಅಂಗೈ, ಕಾಲ್ಬೆರಳು ಹೀಗೆ. ನೀವೂ ಮೂಗಿನ ತುದಿಯನ್ನೋ ಮುಂದಿನ ನೆಲದ ಒಂದು ಗುರುತನ್ನೋ ಹಿಡಿದುಕೊಳ್ಳಿ. ಕಣ್ಣು ಪಕ್ಕದ ಚಾಪೆಗೆ ಹೋದದ್ದು ಗೊತ್ತಾದಾಗ ವಾಪಸು ತನ್ನಿ. ಒಂದು ತರಗತಿಯಲ್ಲಿ ಹತ್ತಾರು ಸಲ ತರಬೇಕಾಗಬಹುದು, ಅದೇ ಅಭ್ಯಾಸ.

ಕೊನೆಯ ಶವಾಸನವನ್ನು ಹನ್ನೆರಡು ನಿಮಿಷಕ್ಕೆ ಏರಿಸಿ. ಮಂಡಿಯ ಕೆಳಗೆ ದಿಂಬು ಇಟ್ಟು, ಪಾದದಿಂದ ಮೇಲಕ್ಕೆ ಗಮನ ಒಯ್ಯಿರಿ. ನೋವಿನ ಮಂಡಿ ಬಂದಾಗ ‘ನೋವು’ ಎಂದು ಮುಂದೆ ಹೋಗದೆ ಹತ್ತು ಉಸಿರು ಅಲ್ಲೇ ನಿಲ್ಲಿ. ಬಿಸಿಯೇ, ಬಿಗಿಯೇ, ಮಿಡಿತವೇ? ರೂಪಾಯಿ ನಾಣ್ಯದಷ್ಟಗಲವೇ, ಅಂಗೈಯಗಲವೇ? ಹತ್ತನೇ ಉಸಿರಿಗೆ ಬದಲಾಯಿತೇ? ಆಮೇಲೆ ಕಿವಿಯ ಹಾಲೆಗೋ ಮೊಣಕೈಗೋ ಗಮನ ಕೊಡಿ. ಅಲ್ಲಿ ನೋವೂ ಇಲ್ಲ, ಹಿತವೂ ಇಲ್ಲ. ಬುದ್ಧ ಹೇಳಿದ ಮೂರು ವೇದನೆಗಳಲ್ಲಿ (ಇಲ್ಲಿ ವೇದನೆ ಎಂದರೆ ನೋವಲ್ಲ, ಯಾವುದೇ ಅನುಭವ) ಸುಖವೂ ಅಲ್ಲದ ದುಃಖವೂ ಅಲ್ಲದ ಮೂರನೆಯದು ಇದು. ದೇಹದ ಬಹುಭಾಗ ಬಹುಹೊತ್ತು ಹೀಗೇ ಸುಮ್ಮನಿರುತ್ತದೆ. ಮನಸ್ಸು ಮಂಡಿಯ ದೂರನ್ನು ಮಾತ್ರ ಕೇಳುತ್ತಾ ಇಡೀ ದೇಹವೇ ಕೆಟ್ಟಿದೆ ಎನ್ನುತ್ತದೆ. ದೇಹವನ್ನು ‘ಪ್ರೀತಿಸಿ’ ಎಂದು ಹೇಳುವುದಕ್ಕಿಂತ ಈ ಮೂರನೇ ವೇದನೆಯನ್ನು ಗುರುತಿಸಲು ಕಲಿಸುವುದೇ ಹೆಚ್ಚು ಉಪಕಾರ ಎಂದು ನಮ್ಮ ಅಭಿಪ್ರಾಯ. ಮಂಡಿ ಊದಿಕೊಂಡರೆ, ಸಿಕ್ಕಿಹಾಕಿಕೊಂಡಂತಾದರೆ, ನಡೆಯುವಾಗ ಕೈಕೊಟ್ಟರೆ ಮಾತ್ರ ಆಸನ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಮೈತ್ರಿ ಧ್ಯಾನ ಮಾಡಲು ಕೂತು ‘ನಾನು ಸುಖವಾಗಿರಲಿ’ ಅಂದುಕೊಂಡರೆ ಸುಳ್ಳು ಹೇಳಿದ ಹಾಗಾಗುತ್ತದೆ. ಕೆಲವು ಸಲ ಅಳು ಬಂದು ಎದ್ದುಬಿಡುತ್ತೇನೆ.
(ಪಿರಿಯಾಪಟ್ಟಣ)

ಉತ್ತರ: ಮೈತ್ರಿ ಧ್ಯಾನ ಎಂದರೆ ತನಗೂ ಇತರರಿಗೂ ಒಳಿತು ಹಾರೈಸುವ ಧ್ಯಾನ. ಆ ಮಾತು ಹಾರೈಕೆ, ವರದಿಯಲ್ಲ. ನಿಜವೋ ಸುಳ್ಳೋ ಎಂದು ನೋಡುವ ಅಗತ್ಯ ಆ ವಾಕ್ಯಕ್ಕಿಲ್ಲ. ಆದರೂ ತನ್ನಿಂದಲೇ ಶುರುಮಾಡುವುದು ಕಷ್ಟವಾಗುವವರು ಬಹಳ ಜನ ಇದ್ದಾರೆ, ಅದಕ್ಕೆ ದಾರಿಯೂ ಇದೆ.

ಐದನೇ ಶತಮಾನದ ಬೌದ್ಧ ಪಂಡಿತ ಬುದ್ಧಘೋಷ ತನ್ನ ‘ವಿಸುದ್ಧಿಮಗ್ಗ’ ಗ್ರಂಥದಲ್ಲಿ ಮೊದಲು ತನ್ನ ಮೇಲೆ ಮೈತ್ರಿ ಬೆಳೆಸು ಎನ್ನುತ್ತಾನೆ. ಕಾರಣವನ್ನೂ ಕೊಡುತ್ತಾನೆ: ನಾನು ಸುಖ ಬಯಸುತ್ತೇನೆ, ನೋವಿಗೆ ಹೆದರುತ್ತೇನೆ, ಹಾಗೆಯೇ ಉಳಿದ ಜೀವಿಗಳೂ ಎಂದು ತಿಳಿಯುವುದಕ್ಕೆ ತಾನೇ ಸಾಕ್ಷಿ. ಅಂದರೆ ನಿಮ್ಮನ್ನು ನೀವು ಹೊಗಳಿಕೊಳ್ಳಬೇಕಾಗಿಲ್ಲ, ಸುಖ ಬೇಕು ಎನ್ನುವ ಜೀವ ನಾನೂ ಒಂದು ಎಂದು ಒಪ್ಪಿದರೆ ಸಾಕು. ನಿಮಗೆ ಹತ್ತಿರದ ಬೈಲಕುಪ್ಪೆಯ ಮಠಗಳು ಪಾಲಿಸುವ ಟಿಬೆಟನ್ ಪರಂಪರೆಯಲ್ಲಿ ತಾಯಿಯ ಉಪಕಾರವನ್ನು ನೆನೆದು ಮೈತ್ರಿಗೆ ಇಳಿಯುವ ಕ್ರಮವೂ ಇದೆ.

ಹದಿನೈದು ನಿಮಿಷ ಇಟ್ಟುಕೊಳ್ಳಿ. ಮೊದಲ ಮೂರು ನಿಮಿಷ ಉಸಿರು ಮಾತ್ರ, ನಾಲ್ಕು ಎಣಿಸುವಷ್ಟು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ಮುಂದಿನ ನಾಲ್ಕು ನಿಮಿಷ, ನೆನೆದರೆ ಮುಖ ಸಡಿಲವಾಗುವಂಥ ಒಬ್ಬರು. ಮೇಷ್ಟರಾಗಬಹುದು, ಪಕ್ಕದ ಮನೆ ಅಜ್ಜಿಯಾಗಬಹುದು. ಈಗಷ್ಟೇ ಜಗಳವಾಡಿದವರು ಬೇಡ. ತೀರಿಕೊಂಡವರನ್ನು ಬುದ್ಧಘೋಷ ಬೇಡವೇ ಬೇಡ ಎನ್ನುತ್ತಾನೆ, ಆ ಮಾತು ಅನುಭವಕ್ಕೂ ಸರಿ: ತೀರಿಹೋದ ತಾಯಿಯನ್ನೋ ಅಣ್ಣನನ್ನೋ ಆರಿಸಿಕೊಂಡವರಿಗೆ ಬರುವುದು ಮೈತ್ರಿಯಲ್ಲ, ಅಗಲಿಕೆಯ ದುಃಖ. ನಿಮ್ಮ ಅಳುವಿಗೂ ಇದು ಕಾರಣವೇ ಎಂದು ನೋಡಿಕೊಳ್ಳಿ. ಎರಡು ಉಸಿರಿಗೆ ಒಂದರಂತೆ ‘ಕ್ಷೇಮವಾಗಿರಲಿ, ಆರೋಗ್ಯವಾಗಿರಲಿ, ನೆಮ್ಮದಿಯಾಗಿರಲಿ’ ಎಂದುಕೊಳ್ಳಿ. ಆಮೇಲಿನ ನಾಲ್ಕು ನಿಮಿಷ ಅವರ ಪಕ್ಕದಲ್ಲಿ ನೀವೂ ಕೂತಿರುವ ಹಾಗೆ ಭಾವಿಸಿ ‘ನಾವಿಬ್ಬರೂ ಕ್ಷೇಮವಾಗಿರಲಿ’ ಎನ್ನಿ. ಕೊನೆಯ ನಾಲ್ಕು ನಿಮಿಷ ನೀವೊಬ್ಬರೇ. ಬಿಗಿತ ಬಂದರೆ ‘ಇಬ್ಬರೂ’ಗೆ ಮರಳಿ. ಕೆಲವು ವಾರ ‘ಇಬ್ಬರೂ’ ಹಂತದಲ್ಲೇ ಉಳಿದರೂ ನಷ್ಟವಿಲ್ಲ.

ಎದೆಯಲ್ಲಿ ಏನೋ ಕರಗಬೇಕು ಎಂದು ಹುಡುಕುವುದು ಇಲ್ಲಿನ ದೊಡ್ಡ ಅಡ್ಡಿ. ಭಾವ ಬರಲಿ ಬಿಡಲಿ, ನಿಮ್ಮ ಕೆಲಸ ಹಾರೈಸುವುದು. ಅಳು ಬಂದರೆ ಏಳಬೇಡಿ. ಕಣ್ಣು ತೆರೆದು, ಪಾದ ನೆಲಕ್ಕೆ ತಾಗುವ ಜಾಗ ಗಮನಿಸಿ, ಕೋಣೆಯಲ್ಲಿರುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಿ. ಅಳು ಇಳಿದರೆ ಮುಂದುವರಿಸಿ. ಇಳಿಯದಿದ್ದರೆ ಅವತ್ತಿಗೆ ಸಾಕು.

ಪ್ರಶ್ನೆ: ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ ನಾನು. ಆ ಕಾಲದಲ್ಲಿ ಮಕ್ಕಳಿಗೆ ಬೆತ್ತದಲ್ಲಿ ಹೊಡೆದಿದ್ದೇನೆ. ಒಬ್ಬ ಹುಡುಗ ಅದೇ ಭಯಕ್ಕೆ ಶಾಲೆ ಬಿಟ್ಟ. ಈಗ ಮೊಮ್ಮಗಳಿಗೆ ಪಾಠ ಹೇಳಿಕೊಡಲು ಕೂತರೆ ಅವನ ಮುಖ ಎದುರಿಗೆ ಬರುತ್ತದೆ. ನನ್ನನ್ನು ನಾನು ಒಪ್ಪಿಕೊಳ್ಳುವುದೆಂದರೆ ಇದನ್ನೂ ಒಪ್ಪಿಕೊಳ್ಳುವುದೇ?
(ಮದ್ದೂರು)

ಉತ್ತರ: ಮಾಡಿದ್ದೇನೆ ಎಂದು ಒಪ್ಪಿಕೊಳ್ಳುವುದು, ಸರಿ ಎಂದು ಒಪ್ಪಿಕೊಳ್ಳುವುದಲ್ಲ. ‘ಆ ಕಾಲವೇ ಹಾಗಿತ್ತು’ ಎಂಬ ಮಾತಿನಿಂದ ಬರುವ ನೆಮ್ಮದಿ ಬಾಳುವುದಿಲ್ಲ, ಅದು ನಿಮಗೂ ಗೊತ್ತಿರುವುದರಿಂದಲೇ ಪತ್ರ ಬರೆದಿದ್ದೀರಿ.

ಪಾಲಿ ಗ್ರಂಥಗಳು ಎರಡನ್ನು ಬೇರೆಬೇರೆ ಇಡುತ್ತವೆ. ‘ಹಿರಿ’ ಎಂದರೆ ಕೆಟ್ಟದ್ದಕ್ಕೆ ಹೇಸುವ ಲಜ್ಜೆ; ಅದು ಒಳ್ಳೆಯ ಗುಣ, ಕಾಪಾಡಿಕೊಳ್ಳಬೇಕು. ‘ಕುಕ್ಕುಚ್ಚ’ ಎಂದರೆ ಮಾಡಿದ್ದನ್ನೇ ಮತ್ತೆ ಮತ್ತೆ ಕೆದಕುವ ಕೊರಗು. ಅದು ಧ್ಯಾನಕ್ಕಿರುವ ಐದು ನೀವರಣಗಳಲ್ಲಿ, ಅಂದರೆ ಅಡ್ಡಿಗಳಲ್ಲಿ, ಒಂದರ ಭಾಗ. ಗುರುತಿಸುವುದು ಸುಲಭ. ಲಜ್ಜೆಯ ಗಮನ ಆ ಹುಡುಗನ ಮೇಲೆ, ಇವತ್ತಿನ ಮಕ್ಕಳ ಮೇಲೆ. ಕೊರಗಿನ ಗಮನ ‘ನಾನು ಎಂಥವನು’ ಎಂಬುದರ ಮೇಲೆ.

ಬುದ್ಧ ಮಗ ರಾಹುಲನಿಗೆ ಹೇಳಿದ ಕ್ರಮ ಮಜ್ಝಿಮ ನಿಕಾಯ ಎಂಬ ಸುತ್ತಗಳ ಸಂಗ್ರಹದ 61ನೇ ಸುತ್ತದಲ್ಲಿದೆ. ಕೆಲಸಕ್ಕೆ ಮುಂಚೆ, ಮಾಡುವಾಗ, ಮಾಡಿದ ಮೇಲೆ, ಮೂರೂ ಹೊತ್ತಿನಲ್ಲಿ ‘ಇದು ನನಗಾಗಲಿ ಇತರರಿಗಾಗಲಿ ನೋವು ತರುತ್ತದೆಯೇ’ ಎಂದು ನೋಡು. ನೋವು ತಂದಿದ್ದರೆ ಗುರುವಿನ ಬಳಿಯೋ ತಿಳಿದವರ ಬಳಿಯೋ ಬಾಯಿಬಿಟ್ಟು ಹೇಳು, ಮುಂದೆ ಮಾಡದಂತೆ ಸಂಯಮ ವಹಿಸು. ಇನ್ನೊಂದು ಕಡೆ, ಊರಗೌಡನೊಬ್ಬನ ಜೊತೆಗಿನ ಮಾತಿನಲ್ಲಿ, ಪಶ್ಚಾತ್ತಾಪದಿಂದ ಮಾಡಿದ ಕೃತ್ಯ ಅಳಿಯುವುದಿಲ್ಲ ಎಂದು ತಿಳಿದು, ಅದನ್ನು ಬಿಟ್ಟು, ಮೈತ್ರಿಯನ್ನು ಬೆಳೆಸು ಎನ್ನುತ್ತಾನೆ. ಅಳಿಯುವುದಿಲ್ಲ ಎಂಬುದನ್ನು ಅರಗಿಸಿಕೊಳ್ಳುವುದು ಕಷ್ಟ, ಆದರೆ ಕೊರಗು ಇಳಿಯುವುದೂ ಅಲ್ಲಿಂದಲೇ.

ಆ ಹುಡುಗ ಈಗ ದೊಡ್ಡವನಾಗಿ ಸುತ್ತಮುತ್ತಲೇ ಎಲ್ಲೋ ಇರಬಹುದು. ಅವರನ್ನು ಕಾಣುವುದಾದರೆ ಮೊದಲು ಇನ್ನೊಬ್ಬರ ಮೂಲಕ, ಬರಬಹುದೇ ಎಂದು ಕೇಳಿಸಿ. ಬೇಡ ಎಂದರೆ ಅಲ್ಲಿಗೆ ಬಿಡಿ. ಒಪ್ಪಿದರೆ ನೀವೊಬ್ಬರೇ ಹೋಗಿ. ‘ನಿನಗೆ ಹೊಡೆದೆ. ನೀನು ಶಾಲೆ ಬಿಟ್ಟೆ. ಅದು ನನ್ನ ತಪ್ಪು’ ಎಂದು ಹೇಳಿ ನಿಲ್ಲಿಸಿ. ‘ಆದರೆ ನಿನ್ನ ಒಳ್ಳೆಯದಕ್ಕೇ...’ ಎಂದು ಸೇರಿಸಿದರೆ ಹೇಳಿದ್ದೆಲ್ಲ ವ್ಯರ್ಥ. ‘ಕ್ಷಮಿಸಿದೆ ಅನ್ನು’ ಎಂದು ಕೇಳಬೇಡಿ, ಅದು ಅವರಿಗೆ ಇನ್ನೊಂದು ಹೊರೆ. ಅವರು ಸಿಟ್ಟಾದರೆ ಕೇಳಿಸಿಕೊಳ್ಳಿ. ಕಾಣುವ ದಾರಿಯೇ ಇಲ್ಲದಿದ್ದರೆ ವಾರಕ್ಕೆ ಎರಡು ಸಂಜೆ, ಓದಿನಲ್ಲಿ ಹಿಂದುಳಿದ ಒಂದಿಬ್ಬರು ಮಕ್ಕಳಿಗೆ ಉಚಿತವಾಗಿ ಪಾಠ ಹೇಳಿ. ಪಾಠದ ಹೊತ್ತಿಗೆ ಸಿಟ್ಟು ಬಂದರೆ ಎದ್ದು ಒಂದು ಲೋಟ ನೀರು ಕುಡಿದು ಬನ್ನಿ. ಮೊಮ್ಮಗಳ ಪಾಠವನ್ನಂತೂ ನಿಲ್ಲಿಸಬೇಡಿ.

ಪ್ರಶ್ನೆ: ಬೌದ್ಧರು ಆತ್ಮವೇ ಇಲ್ಲ ಎನ್ನುತ್ತಾರೆ. ಹಾಗಾದರೆ ಯಾರು ಯಾರನ್ನು ಒಪ್ಪಿಕೊಳ್ಳಬೇಕು?
(ನಂಜನಗೂಡು)

ಉತ್ತರ: ಇಲ್ಲಿ ಯೋಗ ಮತ್ತು ಬೌದ್ಧ ದರ್ಶನಗಳು ನಿಜವಾಗಿಯೂ ಬೇರೆಯಾಗುತ್ತವೆ, ಎರಡೂ ಒಂದೇ ಎಂದು ಸಾರಿಸಿಬಿಡುವುದು ಸರಿಯಲ್ಲ. ಪತಂಜಲಿಗೆ ಚಿತ್ತವೃತ್ತಿಗಳನ್ನು, ಅಂದರೆ ಮನಸ್ಸಿನ ಚಲನೆಗಳನ್ನು, ನೋಡುವ ದ್ರಷ್ಟಾ, ಅಂದರೆ ಪುರುಷ, ಇದ್ದಾನೆ. ಬುದ್ಧ ಸಾರನಾಥದಲ್ಲಿ ಐವರು ಭಿಕ್ಷುಗಳಿಗೆ ಮಾಡಿದ ಎರಡನೇ ಉಪದೇಶದಲ್ಲಿ ರೂಪ (ದೇಹ), ವೇದನೆ (ಅನುಭವ), ಸಂಜ್ಞೆ (ಗುರುತಿಸುವಿಕೆ), ಸಂಸ್ಕಾರ (ಮನಸ್ಸಿನ ಪ್ರವೃತ್ತಿಗಳು), ವಿಜ್ಞಾನ (ಅರಿವು) ಈ ಐದರಲ್ಲಿ ಒಂದೊಂದನ್ನೂ ತೆಗೆದುಕೊಂಡು ‘ಇದು ನನ್ನದಲ್ಲ, ಇದು ನಾನಲ್ಲ, ಇದು ನನ್ನ ಆತ್ಮವಲ್ಲ’ ಎಂದು ನೋಡಲು ಹೇಳಿದ. ಆದರೆ ಅಭ್ಯಾಸದ ಮಟ್ಟದಲ್ಲಿ ಮೊದಲ ಹೆಜ್ಜೆ ಎರಡರಲ್ಲೂ ಹತ್ತಿರ: ಬಂದ ಭಾವವನ್ನು ‘ನಾನು’ ಎಂದು ಹಿಡಿಯದಿರುವುದು. ನಾಚಿಕೆ ಎದ್ದಾಗ ಮನಸ್ಸಿನಲ್ಲೇ ಮೆಲ್ಲಗೆ ‘ನಾಚಿಕೆ, ನಾಚಿಕೆ’ ಎಂದು ಗುರುತು ಹಾಕಿ ಉಸಿರಿಗೆ ಮರಳಿ. ಒಂದು ತಿಂಗಳು ಇದನ್ನು ಮಾಡಿದ ಮೇಲೆ ನಿಮ್ಮ ಪ್ರಶ್ನೆ ಬೇರೆ ರೀತಿ ಕಂಡೀತು. ಆಗ ಮತ್ತೆ ಬರೆಯಿರಿ.

ಪ್ರಶ್ನೆ: ಮೂರು ವಾರದಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ. ಯಾರಿಗೂ ಬೇಡವಾದವಳು ಅನ್ನಿಸುತ್ತದೆ. ಧ್ಯಾನದ ಹೊತ್ತು ಹೆಚ್ಚಿಸಿದರೆ ಸರಿಹೋಗುತ್ತದೆಯೇ?
(ಮಂಡ್ಯ)

ಉತ್ತರ: ತಾಯಿ, ಹೆಚ್ಚಿಸಬೇಡಿ. ಬೇಸರ, ನಿದ್ರಾಹೀನತೆ, ಹಸಿವಿಲ್ಲದಿರುವುದು ಎರಡು ವಾರ ದಾಟಿ ನಿಂತರೆ ಅದನ್ನು ಖಿನ್ನತೆ ಇರಬಹುದೆಂದು ವೈದ್ಯರು ಪರೀಕ್ಷಿಸಬೇಕು. ಆ ಸ್ಥಿತಿಯಲ್ಲಿ ಕಣ್ಣುಮುಚ್ಚಿ ಗಂಟೆಗಟ್ಟಲೆ ಕೂತರೆ ಆ ‘ಬೇಡವಾದವಳು’ ಎಂಬ ಮಾತಿಗೆ ಇನ್ನಷ್ಟು ಜಾಗ ಸಿಗುತ್ತದೆ. ಹತ್ತು ದಿನದ ಮೌನ ಶಿಬಿರಕ್ಕೆ ಈಗ ಹೋಗುವುದೂ ಬೇಡ.

ಈ ವಾರವೇ ನಿಮ್ಮೂರಿನ ಸರ್ಕಾರಿ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಹೋಗುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವತ್ತಿನಿಂದ, ರಾತ್ರಿ ಎಷ್ಟು ಗಂಟೆ ನಿದ್ದೆ, ತೂಕ ಇಳಿದಿದೆಯೇ, ಈಗ ನುಂಗುತ್ತಿರುವ ಮಾತ್ರೆಗಳು ಯಾವುವು. ಥೈರಾಯ್ಡ್ ತೊಂದರೆ, ರಕ್ತಹೀನತೆಯೂ ಇಂಥ ಸುಸ್ತು ತರಬಹುದು, ಅದಕ್ಕೆ ರಕ್ತ ಪರೀಕ್ಷೆ ಕೇಳಬಹುದು. ಸಾಯಬೇಕು ಎಂಬ ಯೋಚನೆ ಒಮ್ಮೆ ಸುಳಿದರೂ ವಾರದವರೆಗೆ ಕಾಯಬೇಡಿ. 14416ಕ್ಕೆ, ಅಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ, ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಒಬ್ಬರೇ ಇರಬೇಡಿ.

ಔಷಧಿ ಕೊಟ್ಟರೆ ಅದರ ಪರಿಣಾಮ ಕಾಣಲು ಕೆಲವು ವಾರ ಹಿಡಿಯುತ್ತದೆ, ಸ್ವಲ್ಪ ಹಗುರಾಯಿತೆಂದು ನಡುವೆ ನೀವಾಗಿ ನಿಲ್ಲಿಸಬೇಡಿ. ಅಲ್ಲಿಯವರೆಗೆ ಯೋಗದಲ್ಲಿ ಇಷ್ಟು ಸಾಕು: ಬೆಳಗಿನ ಬಿಸಿಲಿನಲ್ಲಿ ಒಬ್ಬರ ಜೊತೆ ಇಪ್ಪತ್ತು ನಿಮಿಷ ನಡಿಗೆ, ನಿಂತು ಮಾಡುವ ತಾಡಾಸನ ಮತ್ತು ಕೈ ಮೇಲೆತ್ತುವ ಚಲನೆ ಐದಾರು ಸಲ, ಕಣ್ಣು ತೆರೆದೇ ಹತ್ತು ಉಸಿರು. ರಾತ್ರಿ ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಕೂತು, ಮಂದ ಬೆಳಕಿನಲ್ಲಿ ಬಟ್ಟೆ ಮಡಚುವಂಥ ಸಣ್ಣ ಕೆಲಸ ಮಾಡಿ, ಕಣ್ಣು ಎಳೆದಾಗ ಮತ್ತೆ ಮಲಗಿ. ಮೈತ್ರಿ ಧ್ಯಾನ, ನೋಟ್‌ಬುಕ್ ಎಲ್ಲವನ್ನೂ ವೈದ್ಯರು ಸರಿ ಎಂದ ಮೇಲೆ ನೋಡೋಣ.